ಬಂಡೆಮ್ಮ ಬಳಿದ ಸಮುದ್ರ

ಹೈದರಾಬಾದಿನ ಅಬಿಡ್ಸಿನಲ್ಲಿ, ದೊಡ್ಡ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ, ಅಮರೇಶಪ್ಪನ ಅಂಗಡಿಯಿದೆ. ಅಂಗಡಿ ಎನ್ನುವುದು ಮರ್ಯಾದೆಗೆ. ಎರಡು ಕಟ್ಟಡಗಳ ನಡುವೆ ಉಳಿದ ಸಂದಿಗೆ ಯಾವ ಕಾಲದಲ್ಲೋ ಯಾರೋ ತಗಡು ಹೊದಿಸಿದ್ದಾರೆ. ಒಳಗೆ ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸು, ಉದ್ದನೆಯ ಮೇಜು, ರಟ್ಟಿನ ಅಟ್ಟಿ, ಮೈದಾ ಅಂಟಿನ ಡಬ್ಬಿ. ಅಂಟಿಗೆ ಹುಳು ಬೀಳದಿರಲೆಂದು ಅವನು ಮೈಲುತುತ್ತ ಬೆರೆಸುತ್ತಾನೆ. ಹಾಗಾಗಿ ಅವನ ಉಗುರಿನ ಅಂಚುಗಳು ಯಾವಾಗಲೂ ಹಸಿರು. ಬಸ್ಸಿನಲ್ಲಿ ಪಕ್ಕ ಕೂತವರು ಒಮ್ಮೆ ಆ ಕೈ ನೋಡಿ ಸ್ವಲ್ಪ ಸರಿದು ಕೂರುತ್ತಾರೆ.

ಅವನ ಊರು ಯಾದಗಿರಿ ಕಡೆಯ ಶಹಾಪುರ. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಹೈದರಾಬಾದಿಗೆ ಬಂದ. ಮಾವ ಸರ್ಕಾರಿ ಕಚೇರಿಗಳ ಕಡತ ಕಟ್ಟುತ್ತಿದ್ದ. ಮಾವ ತೀರಿಕೊಂಡ ಮೇಲೆ ಕಡತಗಳೂ ಕಡಿಮೆಯಾಗಿ, ಅಮರೇಶಪ್ಪ ಹಳೆಯ ಪುಸ್ತಕಗಳ ಕಡೆ ತಿರುಗಿದ. ಸಿಕಂದರಾಬಾದಿನ ಹಳೆಯ ಬಂಗಲೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದಾಗಲೆಲ್ಲ ದೊರೆಗಳ ಕಾಲದ ಪುಸ್ತಕಗಳು ಗುಜರಿಯವರ ಕೈಗೆ ಬರುತ್ತಿದ್ದವು. ಅವನ್ನು ಓದುವವರಿರಲಿಲ್ಲ. ಒಳಗಿನ ನಕ್ಷೆಗಳನ್ನೂ ಚಿತ್ರಗಳನ್ನೂ ಗೋಡೆಗೆ ತೂಗುಹಾಕುವವರು ಮಾತ್ರ ಇದ್ದರು.

ಆದ್ದರಿಂದ ಈ ಕಸುಬಿನ ಪದ್ಧತಿಯೇ ಬೇರೆ. ಪುಸ್ತಕದ ಹೊಲಿಗೆ ಬಿಚ್ಚುತ್ತಾರೆ. ಅಕ್ಷರದ ಹಾಳೆ ರದ್ದಿಗೆ ಹೋಗುತ್ತದೆ. ಕಪ್ಪು ಗೆರೆಯಲ್ಲಿ ಅಚ್ಚಾದ ಚಿತ್ರದ ಹಾಳೆಯನ್ನು ನೀರಿನಲ್ಲಿ ತೊಳೆದು ಕಲೆ ತೆಗೆಯುತ್ತಾರೆ, ಪಟಿಕ ಬೆರೆಸಿದ ತೆಳು ಗಂಜಿ ಕುಡಿಸಿ ಒಣಗಿಸುತ್ತಾರೆ, ಆಮೇಲೆ ಬಣ್ಣ ಹಾಕಿ, ಚೌಕಟ್ಟು ಕೂಡಿಸಿ, ಬಿಡಿಬಿಡಿಯಾಗಿ ಮಾರುತ್ತಾರೆ. ಪಟಿಕದ ಗಂಜಿ ಕುಡಿದ ಕಾಗದ ಬಣ್ಣವನ್ನು ಒಮ್ಮೆ ಹಿಡಿದರೆ ಬಿಡುವುದಿಲ್ಲ. ಪುಸ್ತಕ ಬಿಚ್ಚುವುದರಲ್ಲಿ ಅಮರೇಶಪ್ಪನಿಗೆ ಯಾವ ಸಂಕಟವೂ ಇರಲಿಲ್ಲ. ತಾನು ಬಿಚ್ಚದಿದ್ದರೆ ಗೆದ್ದಲು ಬಿಚ್ಚುತ್ತದೆ ಎನ್ನುತ್ತಿದ್ದ.

ಬಣ್ಣ ಹಾಕುತ್ತಿದ್ದವಳು ಅವನ ಹೆಂಡತಿ ಬಂಡೆಮ್ಮ. ಅವಳು ಸುರಪುರದವಳು. ಅವಳ ತಂದೆ ಅಲ್ಲಿಯ ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ತುಂಬುತ್ತಿದ್ದ. ಸೀರೆಗೆ ಕೆಂಪು, ಕೆನ್ನೆಗೆ ಗುಲಾಬಿ, ಮೂಗುತಿಗೆ ಹಳದಿಯ ಒಂದು ಚುಕ್ಕೆ. ಸತ್ತವರ ಫೋಟೋ ಬಂದರೆ ಸೀರೆ ಯಾವ ಬಣ್ಣದ್ದಿತ್ತೆಂದು ಮನೆಯವರನ್ನು ಕೇಳುತ್ತಿದ್ದ. ಅವರಿಗೂ ನೆನಪಿಲ್ಲದಿದ್ದರೆ ತನಗೆ ತೋಚಿದ ಬಣ್ಣ ಹಾಕುತ್ತಿದ್ದ. ಒಂದೆರಡು ವರ್ಷದಲ್ಲಿ ಮನೆಯವರು ಅವ್ವನ ಸೀರೆ ಅದೇ ಬಣ್ಣದ್ದಿತ್ತು ಎಂದು ಆಣೆ ಮಾಡಿ ಹೇಳುತ್ತಿದ್ದರು. ಬಂಡೆಮ್ಮ ಕುಂಚ ಹಿಡಿಯಲು ಕಲಿತದ್ದು ಆ ಮನೆಯಲ್ಲಿ.

ಮಲ್ಕಾಜ್‌ಗಿರಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಕಿಟಕಿಯ ಕೆಳಗೆ ಮಣೆ ಇಟ್ಟುಕೊಂಡು ಅವಳು ಕೆಲಸ ಮಾಡುತ್ತಿದ್ದಳು. ಗಂಜಿ ಅವಳೇ ಕಾಯಿಸುತ್ತಿದ್ದಳು. ಪೇಟೆಯಲ್ಲಿ ಸಿಗುವ ಸರೇಸು ಅಂಟು ದನದ ಎಲುಬಿನದೆಂದು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಕಿಟಕಿಯಾಚೆ ರೈಲು ಹೋಗುವಾಗ ಮನೆ ನಡುಗುತ್ತಿತ್ತು. ಆಗ ಕುಂಚ ಎತ್ತಿ ಹಿಡಿದು, ರೈಲು ಪೂರ್ತಿ ದಾಟಿದ ಮೇಲೆ ಮತ್ತೆ ಹಾಳೆಗೆ ಇಳಿಸುತ್ತಿದ್ದಳು. ಹೀಗೆ ನೂರಾರು ಹಾಳೆಗಳು ಅವಳ ಕೈಯಿಂದ ಹೊರಗೆ ಹೋದವು. ಒಂದಕ್ಕೂ ಅವಳ ಹೆಸರಿಲ್ಲ. ಈ ಕೆಲಸದಲ್ಲಿ ಯಾರ ಹೆಸರೂ ಇರುವುದಿಲ್ಲ.

ಮಗಳು ಶ್ರೀವಿದ್ಯಾ ಮದುವೆಯಾಗಿ ಕಲಬುರಗಿಗೆ ಹೋದ ವರ್ಷ ಗ್ರೀಸ್ ದೇಶದ ಪುಸ್ತಕ ಬಂತು. ಮೊದಲ ಪುಟ ಹರಿದುಹೋಗಿದ್ದರಿಂದ ಬರೆದವನ ಹೆಸರು ಗೊತ್ತಿಲ್ಲ. ಇನ್ನೂರು ವರ್ಷದ ಹಿಂದೆ ಯಾವನೋ ಇಂಗ್ಲಿಷಿನವನು ಕುದುರೆ ಏರಿ ಆ ದೇಶವನ್ನೆಲ್ಲ ಸುತ್ತಿ, ಕಂಡದ್ದನ್ನೆಲ್ಲ ಬರೆದು, ಚಿತ್ರ ಮಾಡಿಸಿ ಅಚ್ಚು ಹಾಕಿಸಿದ್ದ. ಗಂಡಹೆಂಡಿರು ಅವನನ್ನು ‘ದೊರಿ’ ಎಂದು ಕರೆದರು. ದೊರೆ ಕಂಡದ್ದು ಹೆಚ್ಚಾಗಿ ಬಿದ್ದ ಕಲ್ಲುಗಳನ್ನು. ಕಡಲಿಗೆ ಚಾಚಿದ ಗುಡ್ಡದ ತುದಿಯಲ್ಲಿ ಕಂಬಗಳಷ್ಟೇ ಉಳಿದ ಗುಡಿ. ಬೆಟ್ಟದ ಮಗ್ಗುಲಲ್ಲಿ ಕಲ್ಲಿನ ಮೆಟ್ಟಿಲು ಕೊರೆದ ನಾಟಕದ ಬಯಲು, ಅದರ ನಡುವೆ ಮೇಯುವ ಆಡುಗಳು. ಬಂದರು, ಕೊಲ್ಲಿ, ದ್ವೀಪ, ಹಡಗು. ಕೊನೆಯಲ್ಲಿ ಎಂಟು ಮಡಿಕೆಯ ದೊಡ್ಡ ನಕ್ಷೆ. ಅದರಲ್ಲಿ ಬೆಟ್ಟಗಳನ್ನು ಕಂಬಳಿಹುಳುಗಳ ಸಾಲಿನಂತೆ ಕೊರೆದಿದ್ದರು, ನೆಲವು ಹರಿದ ಬಟ್ಟೆಯಂತೆ ಚಿಂದಿಚಿಂದಿಯಾಗಿ ಸಮುದ್ರಕ್ಕೆ ಇಳಿದಿತ್ತು.

ಬಂಡೆಮ್ಮ ಆ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ತಿರುವಿಹಾಕಿ, “ಇದನ್ನ ಮಾರಬ್ಯಾಡ್ರಿ” ಎಂದಳು.

“ಮಾರದ ಏನು ಪೂಜಿ ಮಾಡ್ಲೇನು?”

“ಇಷ್ಟು ವರ್ಷ ಬಣ್ಣ ಹಾಕೀನಿ. ಒಂದರೆ ನನ್ನ ಕಣ್ಣ ಮುಂದ ಐತೇನ್ರಿ? ಒಬ್ಬರ ಮನಿಯಾಗ ಗುಡಿ, ಒಬ್ಬರ ಹೋಟ್ಲಿನಾಗ ಹೊಳಿ. ಇದೊಂದು ಇಡೀದು ಇರ್ಲಿ. ಬಿಚ್ಚಿ ಕೊಡ್ರಿ, ಎಲ್ಲಾ ಹಾಳಿಗೂ ಬಣ್ಣ ಹಾಕ್ತೀನಿ. ಆಮ್ಯಾಲ ತಿರುಗಿ ಕಟ್ಟಿ ಕೊಡ್ರಿ.”

“ಯಾರಿಗೆ?”

“ನನಗ.”

ಮದುವೆಯಾದಾಗಿನಿಂದ ಅವಳು ತನಗೆಂದು ಕೇಳಿದ್ದು ಕಡಿಮೆ. ಅಮರೇಶಪ್ಪ ಹೂಂ ಎಂದ. ಹೊಲಿಗೆ ಬಿಚ್ಚಿದ, ಅಕ್ಷರದ ಹಾಳೆಗಳನ್ನು ಮೊದಲ ಬಾರಿಗೆ ರದ್ದಿಗೆ ಹಾಕದೆ ಬಟ್ಟೆಯಲ್ಲಿ ಕಟ್ಟಿಟ್ಟ. ಮುಂದೆ ಹೊದಿಕೆಗೆ ಬೇಕೆಂದು ಕೆಂಪು ಚರ್ಮದ ಒಂದು ಒಳ್ಳೆಯ ತುಂಡನ್ನು ಬೇರೆ ಯಾರಿಗೂ ಬಳಸದೆ ತೆಗೆದಿರಿಸಿದ.

ಪುಸ್ತಕದ ಮೊದಲ ಚಿತ್ರಕ್ಕೆ ಮಾತ್ರ ಲಂಡನ್ನಿನಲ್ಲಿಯೇ ಬಣ್ಣ ಹಾಕಿದ್ದರು. ಬಂಡೆಮ್ಮನಿಗೆ ಅದೇ ಮಾದರಿ. ಅದರಲ್ಲಿ ಸಮುದ್ರವು ಅಕ್ಕಿ ತೊಳೆದ ನೀರಿಗೆ ನೀಲಿಯ ಒಂದು ತೊಟ್ಟು ಬಿಟ್ಟಂತೆ ತೆಳುವಾಗಿತ್ತು. ಅವಳು ಸಮುದ್ರ ಕಂಡವಳಲ್ಲ. ಕಂಡದ್ದು ಕೃಷ್ಣೆ, ಆಮೇಲೆ ಹುಸೇನ್ ಸಾಗರದ ಕೆರೆ. ಕಲ್ಲಿನ ವಿಷಯದಲ್ಲಿ ಮಾತ್ರ ತನ್ನ ತಿಳಿವಳಿಕೆಯನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

“ಇಷ್ಟು ಬಿಳೀ ಕಲ್ಲು ಎಲ್ಲಿರ್ತಾವ್ರಿ? ಸುಣ್ಣ ಬಳದಾರ ಇವರು.”

“ಅಮೃತಶಿಲಾ ಅದು. ದೊರಿ ನೋಡಿ ಬರದಾನ.”

“ದೊರಿ ಗಂಡಸರಿಗೆ ಪರಕಾರ ಉಡಿಸ್ಯಾನ ನೋಡ್ರಿಲ್ಲಿ. ನೆರಿಗಿ ಹಿಡಿದು, ಮೊಣಕಾಲ ತನಕ. ಕೈಯಾಗ ಹುಕ್ಕಾ. ಇವನ ಮಾತು ನಂಬಬೇಕಾ ನಾ?”

ಆದರೂ ಮಾದರಿಯಂತೆಯೇ ಹಾಕಿದಳು. ಬೇರೆ ಕೆಲಸಗಳ ನಡುವೆ ಬಿಡುವಾದಾಗ ಒಂದೊಂದೇ ಹಾಳೆ. ಮೊದಲಿನ ಹಾಳೆಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಅಮರೇಶಪ್ಪ ಅವನ್ನು ಲಂಡನ್ನಿನ ಹಾಳೆಯ ಪಕ್ಕ ಇಟ್ಟು ಯಾವುದು ಯಾರದೆಂದು ಸ್ವಲ್ಪ ಹೊತ್ತು ತಾನೇ ಗುರುತಿಸಲಾರದೆ ಹೋದ. ವರ್ಷಗಳು ಕಳೆದವು. ಕಂಪ್ಯೂಟರಿನಲ್ಲಿ ಬಣ್ಣದ ನಕಲು ತೆಗೆದು ಮಾರುವವರು ಬಂದು ಕೈಬಣ್ಣದ ಕೆಲಸ ನಿಂತೇಹೋಯಿತು. ಬಂಡೆಮ್ಮನ ಮಣೆಯ ಮೇಲೆ ದೊರೆಯ ಪುಸ್ತಕವೊಂದೇ ಉಳಿಯಿತು.

ನೀಲಿ ಬಣ್ಣದ ಬಿಲ್ಲೆ ಬೇಗಬೇಗ ಖಾಲಿಯಾಗತೊಡಗಿದ್ದನ್ನು ಅಮರೇಶಪ್ಪ ಮೊದಲು ಗಮನಿಸಲಿಲ್ಲ. ಒಂದು ಸಂಜೆ ಮನೆಗೆ ಬಂದಾಗ ಬಂದರಿನ ಚಿತ್ರ ಗೋಡೆಗೆ ಒರಗಿತ್ತು. ಅದರ ನೀರು ಹಬ್ಬಕ್ಕೆ ಗೋಡೆಗೆ ಬಳಿದ ನೀಲಿಯಂತೆ ಕಣ್ಣಿಗೆ ಹೊಡೆಯಿತು. ಹಡಗುಗಳು ಅದರಲ್ಲಿ ಹೂತುಹೋಗಿದ್ದವು.

“ಹೆಂಗ ಬಂದೈತ್ರಿ?” ಎಂದಳು ಬಂಡೆಮ್ಮ.

“ಭಾಳ ಛಲೋ ಬಂದೈತಿ.”

ಹೇಳುವಾಗ ಅವನು ಹೆಚ್ಚೇನೂ ಯೋಚಿಸಿರಲಿಲ್ಲ. ಒಂದು ಹಾಳೆ ಕೆಟ್ಟಿದೆ, ದಿನವಿಡೀ ಬಗ್ಗಿ ಕೂತಿದ್ದಾಳೆ, ಇರಲಿ ಎನಿಸಿತ್ತು. ಆದರೆ ಕೆಲವು ದಿನಗಳ ಮೇಲೆ ಅವಳು ಹಳೆಯ ಹಾಳೆಯೊಂದನ್ನು ಬೆಳಕಿಗೆ ಹಿಡಿದು, “ಇದರ ಬಣ್ಣ ಹಾರೈತಿ ನೋಡ್ರಿ, ನೀರು ಮಜ್ಜಿಗಿ ಆದಂಗ ಆಗೇತಿ” ಎಂದು ಅದಕ್ಕೆ ಹೊಸ ನೀಲಿ ಎಳೆಯತೊಡಗಿದಾಗ ಅವನಿಗೆ ಭಯವಾಯಿತು. ಎರಡು ಒಳ್ಳೆಯ ಹಾಳೆಗಳು ಹಾಗೆ ಹಾಳಾದ ಮೇಲೆ, ಪ್ರೆಸ್ಸಿನೊಳಗೆ ಇಡದಿದ್ದರೆ ಕಾಗದ ಸೊಟ್ಟಗಾಗುತ್ತದೆ ಎಂಬ ನೆವ ಹೇಳಿ ಮುಗಿದ ಹಾಳೆಗಳನ್ನೆಲ್ಲ ಅಂಗಡಿಗೆ ಸಾಗಿಸಿದ.

ಅಬಿಡ್ಸಿನ ಕನ್ನಡಕದ ಅಂಗಡಿಯ ಮುದುಕನನ್ನು ಬೇರೆ ಯಾರದೋ ಮಾತು ಎಂಬಂತೆ ವಿಚಾರಿಸಿದ. ಮುದುಕ ಉರ್ದುವಿನಲ್ಲಿ ಬಿಡಿಸಿ ಹೇಳಿದ. ಪೊರೆ ಕಟ್ಟಿದ ಕಣ್ಣು ಹಳದಿ ಗಾಜಿನ ಹಿಂದೆ ಕೂತಂತೆ. ಬೇರೆ ಬಣ್ಣಕ್ಕಿಂತ ಮೊದಲು ನೀಲಿ ಮಾಸುತ್ತದೆ. ಆಪರೇಷನ್ ಮಾಡಿಸಿದರೆ ಮರುದಿನವೇ ಲೋಕವೆಲ್ಲ ತೊಳೆದಿಟ್ಟಂತೆ ಕಾಣುತ್ತದೆ.

ಮುದುಕ ಈ ಕೊನೆಯ ಮಾತನ್ನು ಸಂತೋಷದ ಸುದ್ದಿಯೆಂದು ಹೇಳಿದ. ಅಮರೇಶಪ್ಪನಿಗೆ ಅದು ಹಾಗೆ ಕೇಳಿಸಲಿಲ್ಲ. ಕಣ್ಣು ತೆರೆದರೆ ಅವಳು ಹಾಳೆಗಳನ್ನು ನೋಡುತ್ತಾಳೆ. ಬಿಡಿ ಹಾಳೆಯಾದರೆ ಹೇಗೋ ಸಾಗುತ್ತಿತ್ತು. ಅವಳು ಕೇಳಿದ್ದು ಇಡೀ ಪುಸ್ತಕ. ಸಾಲಾಗಿ ಕಟ್ಟಿದರೆ ಪುಟ ತಿರುವಿದಂತೆಲ್ಲ ಸಮುದ್ರ ಕಡುವಾಗುತ್ತಾ ಹೋಗುತ್ತದೆ. ತನ್ನ ಕಣ್ಣು ಹೋದದ್ದನ್ನು ಅವಳು ತನ್ನದೇ ಕೈಯಲ್ಲಿ ಪುಟಪುಟವಾಗಿ ಬರೆದಿಟ್ಟಂತೆ. ಇನ್ನು ಉಳಿದಿರುವುದು ಕೆಲವೇ ಹಾಳೆ, ಆಮೇಲೆ ನಕ್ಷೆ. ಅದು ಮುಗಿಯಲಿ, ಆಗ ಹೇಳೋಣ ಎಂದುಕೊಂಡ. ಒಂದು ಹಾಳೆಯ ಬಗ್ಗೆ ಹೇಳದವನಿಗೆ ಐದರ ಬಗ್ಗೆ ಹೇಳುವುದು ಇನ್ನೂ ಕಷ್ಟವಾಯಿತು. ಹತ್ತಾದ ಮೇಲೆ ಹೇಳುವುದು ಸಾಧ್ಯವೇ ಇರಲಿಲ್ಲ.

“ಮಂಜು ಮುಸುಕಿದಂಗ ಕಾಣಾಕತ್ತೈತ್ರಿ,” ಎನ್ನುತ್ತಿದ್ದಳು ಬಂಡೆಮ್ಮ. ಅವನು ಟ್ಯೂಬ್‌ಲೈಟು ಬದಲಿಸಿದ. ಮತ್ತೊಮ್ಮೆ ಅಂದಾಗ ದಪ್ಪ ಕನ್ನಡಕ ತಂದ. ಕಣ್ಣಿನ ಉಚಿತ ತಪಾಸಣೆಯ ಕ್ಯಾಂಪು ಇದೆಯೆಂದು ತೆಲುಗಿನಲ್ಲಿ ಕೂಗುತ್ತಾ ಆಟೋ ಮನೆಯ ಮುಂದೆ ಹೋದಾಗ ಅವಳು ಹೊರಡಲು ಸೆರಗು ಸರಿಮಾಡಿಕೊಂಡಳು. ಅವನು ಬಾಗಿಲಲ್ಲಿ ನಿಂತು, “ಕ್ಯಾಂಪಿನ್ಯಾಗ ಮಾಡಿಸಿಕೊಂಡವರು ಎಷ್ಟೋ ಮಂದಿ ಕಣ್ಣು ಕಳಕೊಂಡಾರ, ಸುಮ್ಮನ ಇರು. ನಕ್ಷಾ ಮುಗೀಲಿ. ಆಮ್ಯಾಲ ದೊಡ್ಡ ದವಾಖಾನಿಗೆ ನಾನ ಕರಕೊಂಡು ಹೋಗ್ತೀನಿ” ಎಂದ. ಅವಳು ಮಣೆಯ ಮುಂದೆ ಹೋಗಿ ಕೂತಳು. ಗಂಡ ತನ್ನ ಕಣ್ಣಿಗಾಗಿ ಹೆದರುತ್ತಿದ್ದಾನೆಂದು ಪಕ್ಕದ ಮನೆಯ ಸಾವಿತ್ರಿಬಾಯಿಯ ಹತ್ತಿರ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡಳು. ಸಾವಿತ್ರಿಬಾಯಿ ರೈಲ್ವೆ ಗಾರ್ಡರ ವಿಧವೆ. ಕಡುಮಾತಿನವಳು. “ಹೆದರೋ ಗಂಡಸರನ್ನ ಮನಿಯಾಗ ಬಿಟ್ಟು ನೀನ ಹೋಗಬೇಕವಾ,” ಎಂದು ಬೈದಳು. ಬಂಡೆಮ್ಮ ನಕ್ಕಳು.

ನಕ್ಷೆಗೆ ಬಹಳ ಕಾಲ ಹಿಡಿಯಿತು. ನಕ್ಷೆಯಲ್ಲಿ ಸಮುದ್ರವನ್ನು ಪೂರ್ತಿ ತುಂಬುವ ಪದ್ಧತಿಯಿಲ್ಲ. ದಡದುದ್ದಕ್ಕೂ ಒಂದು ನೀಲಿ ಗೆರೆ ಎಳೆದು, ಒದ್ದೆ ಕುಂಚದಿಂದ ಅದನ್ನು ಹೊರಕ್ಕೆ ಎಳೆಎಳೆಯಾಗಿ ಕರಗಿಸುತ್ತಾರೆ. ಚಿಂದಿಯಂಥ ಆ ದಡದ ಒಂದೊಂದು ಕೊಂಕನ್ನೂ ಅವಳು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಹಿಂಬಾಲಿಸಿದಳು. ಕರಗಿಸಿದ ನೀಲಿ ಅವಳಿಗೆ ಕಾಣಲಿಲ್ಲ. ಮತ್ತೆ ಎಳೆದಳು, ಮತ್ತೆ ಎಳೆದಳು. ಕೊನೆಗೆ ಇಡೀ ಸಮುದ್ರ ತುಂಬಿಹೋಯಿತು. ನಕ್ಷೆ ಮುಗಿದ ದಿನ ಅವಳು ಕಡಬು ಮಾಡಿದಳು. “ಇನ್ನ ಕಟ್ರಿ” ಎಂದಳು. ಅಮರೇಶಪ್ಪ ಚರ್ಮ ಇನ್ನೂ ಹದವಾಗಬೇಕು ಎಂದ. ಆಮೇಲೆ ದಾರ ಸಿಕ್ಕಲಿಲ್ಲ ಎಂದ. ದವಾಖಾನೆಯ ಮಾತನ್ನು ಅವನು ಎತ್ತಲಿಲ್ಲ. ಅವಳೂ ನೆನಪಿಸಲಿಲ್ಲ. ಅವಳಿಗೆ ಪುಸ್ತಕ ಬೇಕಿತ್ತು.

ಒಂದು ಬೆಳಗಿನ ಜಾವ ಬಲಗಣ್ಣು ಕೆಂಡವಾಗಿ, ತಲೆ ಸಿಡಿದು, ವಾಂತಿಯಾಗಿ ಬಂಡೆಮ್ಮ ನೆಲಕ್ಕೆ ಕುಸಿದಳು. ಸಾವಿತ್ರಿಬಾಯಿಯೇ ಆಟೋ ಕರೆದಳು. ಶ್ರೀವಿದ್ಯಾ ಕಲಬುರಗಿಯಿಂದ ಬಸ್ಸು ಹಿಡಿದು ಸಂಜೆಗೆ ಬಂದಳು. ಪೊರೆ ಹಣ್ಣಾಗಿ, ಉಬ್ಬಿ, ಕಣ್ಣಿನೊಳಗೆ ಒತ್ತಡವೇರಿ ನರವನ್ನು ಕೊಂದಿತ್ತು. ಡಾಕ್ಟರಮ್ಮ ಹರೆಯದವಳು. ಆದರೂ ಮುಲಾಜಿಲ್ಲದೆ ಕೇಳಿದಳು: ಇಷ್ಟು ವರ್ಷ ಮನೆಯವರು ಏನು ಮಾಡುತ್ತಿದ್ದಿರಿ? ಮೊದಲೇ ಬಂದಿದ್ದರೆ ಎರಡೂ ಕಣ್ಣು ಉಳಿಯುತ್ತಿದ್ದವು. ಬಲಗಣ್ಣಿಗೆ ಇನ್ನು ಏನೂ ಮಾಡುವಂತಿಲ್ಲ. ಎಡಗಣ್ಣಿಗೆ ಆಪರೇಷನ್ ಮಾಡಿದರು.

ಪಟ್ಟಿ ಬಿಚ್ಚಿದ ಮೇಲೆ ಬಂಡೆಮ್ಮ ಮೊದಲು ನೋಡಿದ್ದು ಗಂಡನನ್ನು. “ಅಯ್ಯ, ನಿಮ್ಮ ಕೂದಲಾ ಇಷ್ಟು ಬೆಳ್ಳಗ ಯಾವಾಗ ಆತ್ರಿ?” ಎಂದಳು. ಮಗಳ ಬಳೆ, ದವಾಖಾನೆಯ ಪರದೆ, ಸ್ಟೀಲಿನ ಲೋಟ ಎಲ್ಲವನ್ನೂ ಮುಟ್ಟಿಮುಟ್ಟಿ ನೋಡಿದಳು. ಮನೆಗೆ ಬರುವಾಗ ಆಟೋದಿಂದ ತಲೆ ಹೊರಹಾಕಿ ಆಕಾಶ ನೋಡಿದಳು. ಒಂದು ಕಣ್ಣು ಹೋದದ್ದರ ಬಗ್ಗೆ ಅವಳು ಅಳಲಿಲ್ಲ. ಮನೆ ಸೇರಿದ ಕೂಡಲೇ ಹೇಳಿದ್ದು ಒಂದೇ ಮಾತು. “ಪುಸ್ತಕ ತರ್ರಿ.”

ತರದಿರಲು ಅವನ ಹತ್ತಿರ ಇನ್ನು ಯಾವ ನೆವವೂ ಉಳಿದಿರಲಿಲ್ಲ. ಮರುದಿನ ಬಟ್ಟೆಯಲ್ಲಿ ಸುತ್ತಿದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಬಿಡ್ಸಿನಿಂದ ಬಸ್ಸಿನಲ್ಲಿ ಬಂದ. ದಾರಿಯಲ್ಲಿ ಎಲ್ಲಿಯಾದರೂ ಮರೆತು ಇಳಿದುಬಿಡಬಹುದು ಎಂಬ ಯೋಚನೆ ಬಂತು. ಹಾಗೆ ಮಾಡಲು ಅವನ ಕೈ ಒಪ್ಪಲಿಲ್ಲ.

ಬಂಡೆಮ್ಮ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದಳು. ಮೊದಲು ಲಂಡನ್ನಿನದು, ಅದರ ಪಕ್ಕ ತನ್ನವು, ಕೊನೆಗೆ ಗೋಡೆಯ ಬುಡದಲ್ಲಿ ನಕ್ಷೆ. ಎದ್ದು ನಿಂತು ನೋಡಿದಳು. ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಇದ್ದ ಒಂದು ಕಣ್ಣಿನಿಂದ ಸಾಲಿನ ತುದಿಯ ತನಕ ಹೋಗಿ ತಿರುಗಿ ಬಂದಳು. ಆಮೇಲೆ ಬಗ್ಗಿ, ತಾನು ತಿರುಗಿ ನೀಲಿ ಎಳೆದಿದ್ದ ಎರಡು ಹಳೆಯ ಹಾಳೆಗಳನ್ನು ದಾಟಿ, ಬಂದರಿನ ಚಿತ್ರದ ಮೇಲೆ ಬೆರಳಿಟ್ಟಳು.

“ಇಲ್ಲಿಂದ ಕೆಟ್ಟೈತಿ.”

ಅಮರೇಶಪ್ಪ ಆ ಬೆರಳನ್ನೇ ನೋಡಿದ.

“ನಿಮಗ ಕಂಡಿರಲಿಲ್ಲೇನ್ರಿ?”

“ಕಂಡಿತ್ತು.”

“ಯಾವಾಗಿಂದ?”

ಅವನು ಅದೇ ಹಾಳೆಯನ್ನು ತೋರಿಸಿದ.

“ಪ್ರತಿ ಹಾಳಿ ಮುಗಿದಾಗ ನಾ ಕೇಳೀನಿ, ಹೆಂಗ ಬಂದೈತ್ರಿ ಅಂತ. ಪ್ರತಿ ಸಲ ಕೇಳೀನಿ.” ಅವಳ ದನಿ ಏರಲಿಲ್ಲ. “ಕ್ಯಾಂಪಿಗೆ ಹೋಗಬ್ಯಾಡ ಅಂದದ್ದು ಇದಕ್ಕೇನು?”

“ನಿನಗ ಕೆಟ್ಟನಸ್ತೈತಿ ಅಂತ...”

“ಹೌದೋ ಅಲ್ಲೋ ಹೇಳ್ರಿ. ಇದಕ್ಕೇನು?”

“ಹೂಂ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶ್ರೀವಿದ್ಯಾಳ ಕೈಯ ಸೌಟು ಕೆಳಗೆ ಬಿತ್ತು. “ಅಪ್ಪಾ! ಒಂದು ಪುಸ್ತಕದ ಸಲುವಾಗಿ ಅವ್ವನ ಕಣ್ಣು ಕಳದೇನು?” ಎಂದು ಅವಳು ಕಿರುಚಿದಳು. ಬಂಡೆಮ್ಮ ಮಗಳಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದಳು. ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಮರೇಶಪ್ಪನಿಗೆ ಈಗಲೂ ಅನಿಸುತ್ತದೆ.

ಮರುದಿನ ಅವಳೇ ದೊಡ್ಡ ಪರಾತದಲ್ಲಿ ನೀರು ತುಂಬಿಸಿ ಬಂದರಿನ ಹಾಳೆಯನ್ನು ಮುಳುಗಿಸಿದಳು. ನೀರು ತಿಳಿಯಾಗಿಯೇ ಉಳಿಯಿತು. ಬಿಸಿನೀರು ಹಾಕಿದಳು, ಹತ್ತಿಯಿಂದ ಮೆಲ್ಲಗೆ ತಿಕ್ಕಿದಳು. ಕಾಗದದ ನಾರು ಏಳತೊಡಗಿತೇ ಹೊರತು ನೀಲಿ ಕದಲಲಿಲ್ಲ. ಮಬ್ಬುಗಣ್ಣಿನಲ್ಲಿ ಬಣ್ಣದ ಅಳತೆ ತಪ್ಪಿತ್ತು, ಆದರೆ ಗಂಜಿಯ ಹದ ಅವಳ ಕೈಗೆ ಒಮ್ಮೆಯೂ ತಪ್ಪಿರಲಿಲ್ಲ. ಪ್ರತಿಯೊಂದು ಹಾಳೆಗೂ ಪಟಿಕವನ್ನು ಸರಿಯಾಗಿ ಕುಡಿಸಿದ್ದಳು.

ಒದ್ದೆ ಹಾಳೆಯನ್ನು ಬಟ್ಟೆಯ ಮೇಲೆ ಹರಡಿ ಅವಳು ಕೈ ಒರೆಸಿಕೊಂಡಳು. “ಮಾರಿಬಿಡ್ರಿ. ಒಂದೊಂದ ಮಾರ್ರಿ. ಬಿಡಿ ಆದ್ರ ಯಾರಿಗೂ ಗೊತ್ತಾಗಂಗಿಲ್ಲ.”

“ಕಟ್ಟಿಕೊಡ್ತೀನಿ ಅಂತ ಮಾತು ಕೊಟ್ಟೀನಿ. ಹಿಂಗ ಇದ್ದದ್ದು ಹಿಂಗ ಕಟ್ತೀನಿ.”

“ಕಟ್ಟಬ್ಯಾಡ್ರಿ. ಮನಿಯಾಗ ಇಡಬ್ಯಾಡ್ರಿ.”

ಹಾಗೆ ಆ ಪುಸ್ತಕವೂ ಉಳಿದ ಪುಸ್ತಕಗಳ ದಾರಿಯನ್ನೇ ಹಿಡಿಯಿತು. ಅಕ್ಷರದ ಹಾಳೆಗಳು ರದ್ದಿಗೆ ಹೋದವು. ಚಿತ್ರಗಳನ್ನು ಭಾನುವಾರ ಫುಟ್‌ಪಾತಿನಲ್ಲಿ ನಡೆಯುವ ಹಳೆಯ ಪುಸ್ತಕಗಳ ಸಂತೆಯಲ್ಲಿ ಹರಡಲು ಅಮರೇಶಪ್ಪನಿಗೆ ಮನಸ್ಸಾಗದೆ ಅಂಗಡಿಯಲ್ಲಿಯೇ ದಾರಕ್ಕೆ ಸಿಕ್ಕಿಸಿ ತೂಗುಹಾಕಿದ. ಕೆಲವು ತಿಂಗಳು ಅವು ಹಾಗೆಯೇ ತೂಗಿದವು.

ಒಂದು ದಿನ ಋಷಭ್ ಎಂಬ ಯುವಕ ಬಂದ. ಮೂಡಬಿದಿರೆಯ ಕಡೆಯವನು, ಹೋಟೆಲುಗಳ ಒಳಾಂಗಣ ಮಾಡಿಸುವ ಕೆಲಸ. ಮೆಹದಿಪಟ್ನಂ ಆಚೆ ಯಾರೋ ತೆರೆಯುತ್ತಿದ್ದ ಹೊಸ ರೆಸ್ಟೊರೆಂಟಿನ ಗೋಡೆಗೆ ಹಳೆಯ ಚಿತ್ರ ಬೇಕಿತ್ತು. ನಕ್ಷೆಯ ಮುಂದೆ ನಿಂತವನು ಕದಲಲಿಲ್ಲ.

“ಇದಕ್ಕೆ ಬಣ್ಣ ಹಾಕಿದ್ದು ಯಾರು ಮಾರಾಯ್ರೆ?”

“ನಮ್ಮ ಮನಿಯಾಕಿ. ನೀಲಿ ಸ್ವಲ್ಪ ಹೆಚ್ಚಾಗೇತಿ ಅದಕ,” ಎಂದ ಅಮರೇಶಪ್ಪ. ಇನ್ನು ಸುಳ್ಳು ಹೇಳಬಾರದೆಂದು ಅವನು ನಿಶ್ಚಯ ಮಾಡಿಕೊಂಡಿದ್ದ.

“ಹೆಚ್ಚಾ? ಎಂತ ಹೆಚ್ಚು? ನಾನು ಮದುವೆಯಾದ ವರ್ಷ ಹೋಗಿದ್ದೆ ಅಲ್ಲಿಗೆ. ಮಧ್ಯಾಹ್ನ ಸಮುದ್ರ ಹೀಗೆಯೇ ಇರ್ತದೆ. ಹೀಗೆಯೇ ಅಂದ್ರೆ ಹೀಗೆಯೇ. ನಮ್ಮೂರ ಕಡಲಿನ ಹಾಗಲ್ಲ, ಯಾರೋ ಬಣ್ಣ ಕದಡಿದ ಹಾಗೆ.” ಅವನು ಮೊದಲಿನ ತೆಳು ಹಾಳೆಗಳ ಕಡೆ ಕೈ ಬೀಸಿದ. “ಅವು ಬೇಡ. ಅವು ಮಳೆಗಾಲದ ಲಂಡನ್. ಬಣ್ಣ ಹಾಕಿದವ ಅಲ್ಲಿಗೆ ಹೋಗಲೇ ಇಲ್ಲ ಅಂತ ಕಾಣ್ತದೆ. ನಿಮ್ಮವರು ಹೋಗಿದ್ರಾ?”

“ಇಲ್ರಿ. ಆಕಿ ಸಮುದ್ರನ ನೋಡಿಲ್ಲ.”

ಋಷಭ್ ನಕ್ಕ. ತಮಾಷೆಯೆಂದುಕೊಂಡ. ಅಲ್ಲಿಯ ನೀರು ನಿಜವಾಗಿಯೂ ಹೀಗೆಯೇ ಇದೆಯೇ ಎಂದು ಅಮರೇಶಪ್ಪ ಅವನನ್ನು ಮತ್ತೊಮ್ಮೆ ಕೇಳಿದ, ಇನ್ನೊಮ್ಮೆ ಕೇಳಿದ. ಕೊನೆಗೆ ಅವನು ತಾನೇ ಅಲ್ಲಿ ತೆಗೆದ ಫೋಟೋ ಒಂದನ್ನು ಅಮರೇಶಪ್ಪನ ಫೋನಿಗೆ ಕಳಿಸಿದ. ಬಿಳಿಯ ಕಂಬಗಳು, ಕೆಳಗೆ ನೀರು. ಬಂಡೆಮ್ಮ ನಕ್ಷೆಯಲ್ಲಿ ಬಳಿದ ನೀಲಿ.

ಅಂದು ಅಮರೇಶಪ್ಪ ಅಂಗಡಿಯನ್ನು ಬೇಗ ಮುಚ್ಚಿದ. ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಬಂದ. ಮನೆಯಲ್ಲಿ ಬಂಡೆಮ್ಮ ಅಕ್ಕಿ ಆರಿಸುತ್ತಿದ್ದಳು. ಅವನು ಚಪ್ಪಲಿ ಬಿಡುವುದರೊಳಗೇ ಶುರುಮಾಡಿದ. ಸಮುದ್ರ ಅಲ್ಲಿ ನಿಜವಾಗಿಯೂ ಹಾಗೆಯೇ ಇದೆ, ಹೋಗಿ ಬಂದವರು ಹೇಳಿದರು, ಲಂಡನ್ನಿನವನದೇ ತಪ್ಪು, ನೀನು ಬಳಿದದ್ದೇ ಸರಿ.

ಬಂಡೆಮ್ಮ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. “ಛಲೋ ಬಂದೈತಿ ಅಂತೀರಿ.”

“ನಾ ಅನ್ನಾಕತ್ತಿಲ್ಲ. ಋಷಭ್ ಅಂತ ಒಬ್ಬಾಂವ, ಹೋಗಿ ಬಂದಾನ.”

“ಆತು ಬಿಡ್ರಿ.”

“ಅವನ್ನ ಮನಿಗೆ ಕರಕೊಂಡು ಬರ್ಲೇನು? ಅವನ ಬಾಯಿಂದನ ಕೇಳು.”

“ನೀವು ಕರಕೊಂಡು ಬಂದವರು ನೀವು ಹೇಳಿಕೊಟ್ಟದ್ದ ಹೇಳ್ತಾರ.”

ಅವನು ಫೋನು ತೆಗೆದು ಅವಳ ಎಡಗಣ್ಣಿನ ಮುಂದೆ ಹಿಡಿದ. ಅವಳು ಮೊರವನ್ನು ಕೆಳಗಿಟ್ಟು, ಫೋನನ್ನು ತಾನೇ ಹಿಡಿದುಕೊಂಡು, ಬಹಳ ಹೊತ್ತು ನೋಡಿದಳು. ಕೆಲಸದವಳ ನೋಟ ಅದು. ಅಂಚು ನೋಡಿದಳು, ಕಂಬದ ನೆರಳು ನೋಡಿದಳು, ನೀರು ಕಲ್ಲಿಗೆ ತಾಗುವ ಕಡೆ ನೋಡಿದಳು. ಒಂದು ಕ್ಷಣ ಅವಳ ಮುಖ ಸಡಿಲವಾದಂತೆ ಅವನಿಗೆ ಕಂಡಿತು.

ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟಳು.

“ಫೋಟೋಕ್ಕ ಬಣ್ಣ ಹಾಕೋ ಮನಿಯಾಗ ಹುಟ್ಟಿದಾಕಿ ನಾ,” ಎಂದಳು. “ನನಗ ಫೋಟೋ ತೋರಸ್ತೀರಿ?”

ಅವನು ಮತ್ತೆ ಆ ಮಾತೆತ್ತಲಿಲ್ಲ. ನಕ್ಷೆಯೂ ಕಡುನೀಲಿಯ ಹಾಳೆಗಳೂ ರೆಸ್ಟೊರೆಂಟಿನ ಗೋಡೆ ಸೇರಿದವು. ಒಮ್ಮೆ ಬಂದು ನೋಡಿ ಎಂದು ಋಷಭ್ ಕರೆದ. ಅಮರೇಶಪ್ಪ ಹೋಗಲಿಲ್ಲ. ಕೆಂಪು ಚರ್ಮವನ್ನು ಕತ್ತರಿಸಿ ಯಾವುದೋ ಕಾಲೇಜಿನ ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳ ಮೂಲೆಗಳಿಗೆ ಅಂಟಿಸಿದ. ಬಂಡೆಮ್ಮನ ತೆಳು ಸಮುದ್ರದ ಹಾಳೆಗಳು, ಅವಳ ಎರಡೂ ಕಣ್ಣು ನಿಚ್ಚಳವಾಗಿದ್ದಾಗ ಬಳಿದವು, ಇನ್ನೂ ಅಂಗಡಿಯ ದಾರದಲ್ಲಿವೆ. ಕೊಳ್ಳುವವರಿಲ್ಲ.

ಎಡಗಣ್ಣು ಚೆನ್ನಾಗಿದೆ ಎಂದು ಡಾಕ್ಟರಮ್ಮ ಪ್ರತಿ ಸಲವೂ ಹೇಳುತ್ತಾಳೆ. ಬಂಡೆಮ್ಮ ಆ ಕಣ್ಣನ್ನೂ ಪೂರ್ತಿ ನಂಬುವುದಿಲ್ಲ. ರವಿಕೆ ಹೊಲಿಯಲು ಕೂತಾಗ ದಾರದ ಬಣ್ಣ ಬಟ್ಟೆಗೆ ಹೊಂದುತ್ತದೆಯೇ ಎಂದು ಅನುಮಾನವಾದರೆ, ಎದುರಿಗೆ ಕೂತ ಗಂಡನ ಮುಂದಿನಿಂದಲೇ ಎದ್ದು, ಮೊಣಕಾಲು ಹಿಡಿದುಕೊಂಡು, ಸೂಜಿ ದಾರ ಬಟ್ಟೆ ಸಮೇತ ಪಕ್ಕದ ಮನೆಯ ಸಾವಿತ್ರಿಬಾಯಿಯನ್ನು ಕೇಳಿಕೊಂಡು ಬರುತ್ತಾಳೆ.